ರಂಜಾನ್ ಮುಗಿಯುವವರೆಗೆ ಕತ್ತರಿಸಬೇಡಿ

"ಕೆಮ್ಮಿ ಅಮ್ಮಾ," ಎಂದೆ. ಆಕೆ ಕೆಮ್ಮಿದಳು. "ಇನ್ನೂ ಜೋರಾಗಿ." ಇನ್ನೂ ಜೋರಾಗಿ ಕೆಮ್ಮಿದಳು. ಒಂದು ಹನಿಯೂ ಬರಲಿಲ್ಲ.

ಮಂಡ್ಯದ ನಮ್ಮ ನರ್ಸಿಂಗ್ ಹೋಮಿನ ಪರೀಕ್ಷೆಯ ಮೇಜಿನ ಮೇಲೆ ಮಲಗಿದ್ದ ಈ ಹೆಂಗಸು ಮದ್ದೂರಿನವಳು. ವಯಸ್ಸು ಐವತ್ತರ ಆಸುಪಾಸು, ಮುಟ್ಟು ನಿಂತಿತ್ತು, ಮೂರು ಹೆರಿಗೆ. ಗಂಡನಿಗೆ ಸೋಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು. ಕೆಮ್ಮಿದರೆ, ಸೀನಿದರೆ, ಬಗ್ಗಿ ಎದ್ದರೆ ಮೂತ್ರ ಜಾರುತ್ತದೆ ಎಂದು ಬಂದಿದ್ದಳು. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಇದಕ್ಕೇ ಆಪರೇಷನ್ ಆಗಿತ್ತು. ಮೂತ್ರನಾಳದ ಕೆಳಗೆ ಪ್ಲಾಸ್ಟಿಕ್ ಜಾಲರಿಯ ಒಂದು ಪಟ್ಟಿಯನ್ನು ತೂರಿಸಿ ನಾಳಕ್ಕೆ ಆಸರೆ ಕೊಡುವ ಆಪರೇಷನ್. ವರ್ಷವೊಂದು ಚೆನ್ನಾಗಿದ್ದು ಆಮೇಲೆ ಮತ್ತೆ ಶುರುವಾಯಿತಂತೆ. ಹೀಗೆ ಮತ್ತೆ ಶುರುವಾದ ಕೇಸುಗಳೆಂದರೆ ನನಗೆ ಒಳಗೊಳಗೇ ಅಳುಕು. ಮೊದಲ ಸಲಕ್ಕೆ ಸಿಗುವ ಗೆಲುವು ಎರಡನೆಯ ಸಲಕ್ಕೆ ಸಿಗುವುದಿಲ್ಲ.

ಅದರ ಮೇಲೆ ಹನಿಯೂ ಬರುತ್ತಿಲ್ಲ. ಹೊರಗೆ ಇಡೀ ಬೆಂಚು ತುಂಬಿ ಜನ ಕೂತಿದ್ದರು. ನನಗೆ ರೇಗಿತು.

"ಏನಮ್ಮಾ, ಏನೂ ಬರ್ತಾನೇ ಇಲ್ವಲ್ಲ?"

"ಬತ್ತದೆ ಡಾಕ್ಟ್ರಮ್ಮ. ಸುಳ್ಳೇಳಾಕೆ ಮದ್ದೂರಿಂದ ಬರ್ತೀನಾ?"

"ನೀರು ಯಾವಾಗ ಕುಡಿದ್ರಿ?"

"ನೆನ್ನೆ ಸಂಜೆ."

ಅಲ್ಲಿಗೆ ಗೊತ್ತಾಯಿತು. ನಮ್ಮ ಕಡೆಯ ಹೆಂಗಸರು ಬಸ್ಸು ಹತ್ತುವ ದಿನ ನೀರು ಮುಟ್ಟುವುದಿಲ್ಲ. ಮದ್ದೂರಿನಲ್ಲಿ ಹತ್ತಿದವಳಿಗೆ ಹನಕೆರೆ ದಾಟುವಷ್ಟರಲ್ಲಿ ಸೀಟು ಒದ್ದೆಯಾದೀತೆಂಬ ಭಯ. ಇಳಿದ ಮೇಲೂ ನೇರವಾಗಿ ಆಸ್ಪತ್ರೆಗೆ ಬರುವುದಿಲ್ಲ. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಿ, ಇದ್ದಬದ್ದದ್ದನ್ನೆಲ್ಲ ಖಾಲಿ ಮಾಡಿಕೊಂಡು, ಡಾಕ್ಟರ ಮುಂದೆ ಮಾನ ಹೋಗಬಾರದೆಂದು ಒಣಗಿದ ಮೈಯಲ್ಲಿ ಬಂದು ಮಲಗುತ್ತಾರೆ. ಕಾಯಿಲೆ ತೋರಿಸಲು ಬಂದವರು ಕಾಯಿಲೆಯನ್ನು ಮನೆಯಲ್ಲೇ ಬಿಟ್ಟು ಬಂದ ಹಾಗೆ. ಹೀಗಾಗಿ ಎಷ್ಟೋ ಹೆಂಗಸರಿಗೆ "ನಿಮಗೇನೂ ಇಲ್ಲ" ಎಂಬ ಮಾತು ಸಿಕ್ಕಿ, ಅವರು ಸುಮ್ಮನೆ ಮನೆಗೆ ಹೋಗಿದ್ದಾರೆ.

ಟ್ಯೂಬು ಹಾಕಿ ಮೂತ್ರಚೀಲಕ್ಕೆ ಸಲೈನ್ ತುಂಬಿಸಿದೆ. ಟ್ಯೂಬು ತೆಗೆದು ಆಕೆಯನ್ನು ನೆಲದ ಮೇಲೆ ನಿಲ್ಲಿಸಿ ಮತ್ತೆ ಕೆಮ್ಮಿಸಿದೆ. ಕೆಮ್ಮು ಮುಗಿಯುವ ಮೊದಲೇ ನೆಲ ಒದ್ದೆಯಾಯಿತು. ಆಕೆ ಕಾಲು ಕೂಡಿಸಿಕೊಂಡು, ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. "ನೋಡುದ್ರಾ?" ಎಂದಳು. ಸಾಬೀತು ಮಾಡಿದ ಸಮಾಧಾನವೂ ಆ ದನಿಯಲ್ಲಿತ್ತು.

ಯಾವಾಗ ಅತಿ ಹೆಚ್ಚು ತೊಂದರೆ ಎಂದು ಎಲ್ಲರನ್ನೂ ಕೇಳುತ್ತೇನೆ. ಕೆಲವರು ಹುಲ್ಲಿನ ಹೊರೆ ಎನ್ನುತ್ತಾರೆ, ಕೆಲವರು ನೀರಿನ ಕೊಡ ಎನ್ನುತ್ತಾರೆ. ಆಕೆ, "ಸಜ್ದಾದಿಂದ ಏಳುವಾಗ," ಎಂದಳು. ನಮಾಜಿನಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸಿ ಮೇಲೇಳುವ ಹೊತ್ತು ಅದು. ಹೊಟ್ಟೆ ಒತ್ತಿ, ಹನಿ ಜಾರಿ, ಕೈಕಾಲು ಮುಖ ತೊಳೆದು ಮಾಡಿಕೊಂಡ ವುಜು ಮುರಿಯುತ್ತದೆ. ಎದ್ದು ಹೋಗಿ ಬಟ್ಟೆ ಬದಲಿಸಿ, ಮತ್ತೆ ವುಜು ಮಾಡಿ ನಿಂತರೆ ಮತ್ತೆ ಅದೇ. ಹೀಗೇ ಆಗಿ ಆಗಿ ಆಕೆ ನಮಾಜನ್ನೇ ಬಿಟ್ಟಿದ್ದಳು. ಆಪರೇಷನ್ನಿನಿಂದ ವಾಸಿಯಾಗಿದೆ ಎಂದೇ ಮನೆಯವರೆಲ್ಲ ನಂಬಿದ್ದರು. ಮತ್ತೆ ಶುರುವಾದದ್ದನ್ನು ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹಾಗಾಗಿ ನೆಂಟರ ಪಾಲಿಗೆ ಆಕೆ ದೇವರನ್ನು ಮರೆತ ಹೆಂಗಸು.

"ಕಾಯಿಲೆಯವರಿಗೆ ನಿಮ್ಮಲ್ಲಿ ಏನಾದರೂ ವಿನಾಯಿತಿ ಇರಬೇಕಲ್ಲಮ್ಮ?"

"ಐತೆ. ಒಂದೊಂದು ಒತ್ತಿನ್ ನಮಾಜ್ಗೂ ಒಸದಾಗಿ ವುಜು ಮಾಡ್ಕಂಡ್ರೆ ಸಾಕು, ಆಮೇಲೆ ಜಾರುದ್ರೂ ಮಾಫಿ ಅಂತಾರೆ. ನಂಗೂ ಗೊತ್ತು. ಆದ್ರೆ ಬಟ್ಟೆ ಒದ್ದೆಯಾಯ್ತು ಅಂದೇಟ್ಗೆ ಮನ್ಸು ಅಲ್ಗೇ ಓಯ್ತದೆ ಡಾಕ್ಟ್ರಮ್ಮ. ಅಲ್ಲಾನ ಮುಂದೆ ನಿಂತಂಗಿರಾಕಿಲ್ಲ, ಬಚ್ಚಲಾಗೆ ನಿಂತಂಗಿರ್ತದೆ."



ಮೂತ್ರಚೀಲದ ಒತ್ತಡ ಅಳೆಯುವ ಪರೀಕ್ಷೆಗೆ ಮೈಸೂರಿಗೆ ಕಳಿಸಿದೆ. ಬಂದ ವರದಿಯಲ್ಲಿ ಎರಡು ಸಂಗತಿಗಳಿದ್ದವು. ನಾಳದ ಬಾಯಿಯನ್ನು ಬಿಗಿಹಿಡಿಯುವ ಸ್ನಾಯು ಸೋತಿತ್ತು. ಅದಕ್ಕೆ ಸಾಮಾನ್ಯ ಆಸರೆ ಸಾಲದು, ಸ್ವಲ್ಪ ಬಿಗಿಯಾದ ಆಸರೆಯೇ ಬೇಕು. ಎರಡನೆಯದು, ಚೀಲಕ್ಕೆ ಮೂತ್ರವನ್ನು ಹೊರದಬ್ಬುವ ಶಕ್ತಿಯೂ ಅಷ್ಟಕ್ಕಷ್ಟೇ. ಬಿಗಿ ಮಾಡಿದರೆ ದಬ್ಬಲಾಗದು, ಸಡಿಲ ಬಿಟ್ಟರೆ ಜಾರೀತು. ಆ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಈ ಕೇಸು ಬೇರೆಯವರ ಬಳಿ ಹೋಗಬಾರದಿತ್ತೇ ಎಂದೂ ಅನಿಸಿತು.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಇನ್ನೊಂದು ಜಾಲರಿ ಹಾಕಬಹುದು. ಇಲ್ಲವೇ ಕೆಳಹೊಟ್ಟೆಯ ಸ್ನಾಯುವಿನ ಮೇಲಿರುವ ಗಟ್ಟಿ ಪೊರೆಯಿಂದ ಆಕೆಯದೇ ಒಂದು ಪಟ್ಟಿಯನ್ನು ಕೊಯ್ದು ತೆಗೆದು ಅದರಿಂದ ಆಸರೆ ಕೊಡಬಹುದು. ಇದರಲ್ಲಿ ಗಾಯ ದೊಡ್ಡದು, ನೋವು ಹೆಚ್ಚು; ಮೂತ್ರ ಕಟ್ಟಿಕೊಳ್ಳುವ ಅಪಾಯವೂ ಹೆಚ್ಚು. ಕಟ್ಟಿಕೊಂಡರೆ ದಿನಕ್ಕೆ ಹಲವು ಸಲ ತಾವೇ ಟ್ಯೂಬು ಹಾಕಿಕೊಳ್ಳಬೇಕಾದೀತು.

"ಆ ಪ್ಲಾಸ್ಟಿಕ್ ಮತ್ತೆ ಬ್ಯಾಡಿ," ಎಂದಳು ಆಕೆ. "ನಂದೇ ಮಾಂಸ ಇರ್ಲಿ."

ಗಂಡ ಗ್ರೀಸು ಹತ್ತಿದ ಉಗುರುಗಳನ್ನು ನೋಡಿಕೊಳ್ಳುತ್ತಾ, "ಅವ್ಳು ಎಂಗಂತಾಳೋ ಅಂಗೆ ಮಾಡಿ ಮೇಡಂ. ಬಿದ್ದೋಗೋ ಬೋಲ್ಟು ಎಷ್ಟ್ ಸತಿ ಬಿಗಿ ಮಾಡುದ್ರೂ ಅಷ್ಟೇ ಅಂತ ನಂಗೂ ಗೊತ್ತು. ಆದ್ರೂ ಮಾಡಿ," ಎಂದ. ನಗುವುದೋ ಬಿಡುವುದೋ ತಿಳಿಯಲಿಲ್ಲ.

ಬೆನ್ನಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಶುರು ಮಾಡಿದೆವು. ಕೆಳಹೊಟ್ಟೆಯಲ್ಲಿ ಅಡ್ಡ ಗಾಯ ಮಾಡಿ, ಬೆರಳಗಲದ ಪೊರೆಯ ಪಟ್ಟಿಯನ್ನು ಕೊಯ್ದು, ಅದರ ಎರಡೂ ತುದಿಗೆ ದಾರ ಪೋಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಅಲ್ಲಿಯವರೆಗೆ ಎಲ್ಲ ಸಲೀಸು. ಕೆಳಗಿನಿಂದ ಯೋನಿಯ ಗೋಡೆಯನ್ನು ಬಿಡಿಸಿದಾಗ ಹಳೆಯ ಜಾಲರಿ ಸಿಕ್ಕಿತು. ಚಪ್ಪಟೆಯಾಗಿ ಹರಡಿಕೊಂಡಿರಬೇಕಾದ ಪಟ್ಟಿ ಹಗ್ಗದ ಹಾಗೆ ಸುರುಳಿಯಾಗಿ, ತನ್ನ ಜಾಗ ಬಿಟ್ಟು ಚೀಲದ ಕುತ್ತಿಗೆಯ ಕಡೆ ಸರಿದು ಗಟ್ಟಿಯಾಗಿತ್ತು. ಅದರ ನಡುಭಾಗವನ್ನು ಚೂರು ಚೂರಾಗಿ ಬಿಡಿಸಿ ತೆಗೆದೆ. ಪ್ರತಿ ಚೂರಿಗೂ ರಕ್ತ. ಒತ್ತಿ ಹಿಡಿಯುವುದು, ಕಾಯುವುದು, ಮತ್ತೆ ಬಿಡಿಸುವುದು. ಅರಿವಳಿಕೆಯ ಡಾಕ್ಟರು ಎರಡು ಸಲ ಗಡಿಯಾರ ನೋಡಿದರು.

ಮುಂದಿನದು ಪಟ್ಟಿಯ ದಾರಗಳನ್ನು ಮೇಲಕ್ಕೆಳೆದುಕೊಳ್ಳುವ ಸೂಜಿಯ ಕೆಲಸ. ಹೊಟ್ಟೆಯ ಗಾಯದಿಂದ ಕೆಳಹೊಟ್ಟೆಯ ಬುಡದ ಮೂಳೆಯ ಹಿಂಭಾಗಕ್ಕೆ ಉದ್ದನೆಯ ಸೂಜಿಯನ್ನು ಇಳಿಸಿ, ಕೆಳಗಿನಿಂದ ಬೆರಳು ತೂರಿಸಿ ಅದರ ತುದಿಯನ್ನು ಬರಮಾಡಿಕೊಳ್ಳಬೇಕು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಕಾಣಬೇಕು. ಬಲಗಡೆ ಸರಿಯಾಗಿ ಬಂತು. ಎಡಗಡೆಯದೂ ಬಂತು ಎಂದುಕೊಂಡು ಚೀಲದೊಳಗೆ ದುರ್ಬೀನು ಹಾಕಿ ನೋಡಿದರೆ ಸೂಜಿ ಅಲ್ಲೇ ಅಡ್ಡಲಾಗಿ ಹೊಳೆಯುತ್ತಿತ್ತು. ಹಿಂದಿನ ಆಪರೇಷನ್ನಿನ ಕಲೆಯಿಂದಾಗಿ ಚೀಲ ಮೂಳೆಗೆ ಅಂಟಿಕೊಂಡಿತ್ತು; ಸೂಜಿ ಅದನ್ನು ತೂತು ಮಾಡಿಕೊಂಡು ಹೋಗಿತ್ತು. ಹೊರಗೆಳೆದು, ಚೀಲವನ್ನು ಪೂರ್ತಿ ಖಾಲಿ ಮಾಡಿ, ಮೂಳೆಗೆ ಇನ್ನೂ ಹತ್ತಿಕೊಂಡೇ ಸೂಜಿಯನ್ನು ಮತ್ತೆ ಇಳಿಸಿದೆ. ಈ ಸಲ ದುರ್ಬೀನಿನಲ್ಲಿ ಏನೂ ಕಾಣಲಿಲ್ಲ. ಸಣ್ಣ ತೂತು, ತಾನಾಗಿ ಕೂಡಿಕೊಳ್ಳುತ್ತದೆ.

ಕೊನೆಗೆ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಕಟ್ಟಬೇಕೆಂಬ ಪ್ರಶ್ನೆ. ಇದಕ್ಕೆ ಅಳತೆಗೋಲಿಲ್ಲ. ನಾಳಕ್ಕೂ ಪಟ್ಟಿಗೂ ನಡುವೆ ಕತ್ತರಿಯ ತುದಿ ಸರಾಗವಾಗಿ ಆಡಬೇಕು ಎನ್ನುತ್ತೇವೆ. ಸೋತ ಸ್ನಾಯುವಿಗೆ ಒಂದಿಷ್ಟು ಬಿಗಿ ಬೇಕು ಎಂದೂ ಎನ್ನುತ್ತೇವೆ. ದಾರ ಹಿಡಿದು ನಿಂತಾಗ ನನ್ನ ಕಣ್ಣ ಮುಂದೆ ಇದ್ದದ್ದು ಒದ್ದೆಯಾದ ಆ ನೆಲ. ಕತ್ತರಿಯ ತುದಿ ಆಡಿತು, ಆದರೆ ಸರಾಗವಾಗಿ ಅಲ್ಲ. ಅಲ್ಲೇ ಗಂಟು ಹಾಕಿದೆ.

ತೂತಾದ ಕಾರಣ ಟ್ಯೂಬನ್ನು ಮಾಮೂಲಿಗಿಂತ ಹೆಚ್ಚು ದಿನ ಬಿಟ್ಟು ಆಮೇಲೆ ತೆಗೆದೆ. ಚೀಲ ತುಂಬಿಸಿ ಮೂತ್ರ ಮಾಡಿಸಿದಾಗ ಮೂರರಲ್ಲಿ ಎರಡು ಪಾಲು ಹೊರಬಂತು, ಒಂದು ಪಾಲು ಉಳಿಯಿತು. ತೀರಾ ಸಂತೋಷಪಡುವಂಥದ್ದಲ್ಲ, ಹೆದರುವಂಥದ್ದೂ ಅಲ್ಲ. ಎಷ್ಟು ಕೆಮ್ಮಿದರೂ ಒಣಗಿತ್ತು. ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ ಬರಬೇಕು, ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು, ಮುಂದೆ ಬರುವ ರಂಜಾನ್ ಉಪವಾಸ ಈ ವರ್ಷ ಬೇಡ ಎಂದು ಒತ್ತಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದಳು. ಆರೈಕೆಗೆಂದು ಮಳವಳ್ಳಿಯ ಅಕ್ಕನ ಮನೆಗೆ ಹೋದಳು.

ವಾರಕ್ಕೊಂದು ದಿನ ನಾನೂ ಮಳವಳ್ಳಿಯ ಒಂದು ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಮೊದಲೆರಡು ಭೇಟಿಯಲ್ಲಿ ಆಕೆಯ ಮುಖದ ಕಳೆಯೇ ಬೇರೆ. "ಐದೊತ್ತೂ ಮಾಡ್ತಾ ಇವ್ನಿ," ಎಂದಳು. ಅಕ್ಕ ಜೊತೆಗೇ ಬಂದಿದ್ದಳು; ಅಷ್ಟು ವರ್ಷ ತಂಗಿ ನಮಾಜು ಬಿಟ್ಟದ್ದರ ಕಾರಣ ಅವಳಿಗೆ ಗೊತ್ತಾದದ್ದೇ ಈ ಆಪರೇಷನ್ನಿನಿಂದ. "ನಂಗೊಂದು ಮಾತು ಏಳ್ಬಾರ್ದಿತ್ತಾ ಡಾಕ್ಟ್ರೇ? ಎಷ್ಟು ಬೈದುಬುಟ್ಟಿದ್ದೆ ಇವ್ಳ," ಎಂದು ಕಣ್ಣೊರೆಸಿಕೊಂಡಳು. ನನಗೂ ಹಿಗ್ಗಾಯಿತು. ಆ ಹಿಗ್ಗಿನಲ್ಲಿ ಎಷ್ಟು ನೀರು ಕುಡಿಯುತ್ತಿದ್ದೀರಿ ಎಂದು ಕೇಳಿದೆ, "ಕುಡೀತೀನಿ" ಎಂದದ್ದನ್ನು ನಂಬಿದೆ.

ರಂಜಾನ್ ಶುರುವಾದ ವಾರ ಮಧ್ಯಾಹ್ನ ಅಕ್ಕ ಆಕೆಯನ್ನು ಆಟೋದಲ್ಲಿ ಕರೆತಂದಳು. ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಹೊಟ್ಟೆ ಮುಟ್ಟಿದರೆ ಹೊಕ್ಕುಳಿನವರೆಗೆ ಗಟ್ಟಿ. ಟ್ಯೂಬು ಹಾಕಿ ಬಿಟ್ಟು ಬಿಟ್ಟು ತೆಗೆದರೂ ಮೂತ್ರ ಬರುತ್ತಲೇ ಹೋಯಿತು.

ಆಕೆ ರೋಜಾ ಉಪವಾಸ ಹಿಡಿದಿದ್ದಳು. ಬೆಳಗಿನ ಜಾವದ ಸಹರಿ ಊಟದಲ್ಲಿ, ಇಡೀ ದಿನಕ್ಕೆ ಬೇಕಾದ ನೀರನ್ನು ಒಂದೇ ಸಲಕ್ಕೆ, ಚೊಂಬುಗಟ್ಟಲೆ ಕುಡಿದಿದ್ದಳು. ಅಲ್ಲಿಯವರೆಗೆ ಹಳೆಯ ಅಭ್ಯಾಸದಂತೆ ಗುಟುಕು ಗುಟುಕು ಕುಡಿದುಕೊಂಡಿದ್ದರಿಂದ ಅರ್ಧಂಬರ್ಧ ಖಾಲಿಯಾಗುವ ಚೀಲವೂ ಹೇಗೋ ಸಾಗಿಸಿಕೊಂಡು ಹೋಗುತ್ತಿತ್ತು. ಒಮ್ಮೆಗೇ ತುಂಬಿಕೊಂಡಾಗ ಹಿಗ್ಗಿ ಕೈಬಿಟ್ಟಿತು.

"ಬೇಡ ಅಂದಿದ್ನಲ್ಲಮ್ಮಾ!" ಎಂದು ಕೂಗಿಯೇ ಬಿಟ್ಟೆ.

"ಇಷ್ಟ್ ವರ್ಸ ನಮಾಜಿಲ್ದೆ ಬರೀ ರೋಜಾ ಇಟ್ಕಂಡು ಬಂದೆ," ಎಂದಳು ಮಲಗಿದಲ್ಲಿಂದಲೇ. "ಈ ಸತಿ ಎರಡೂ ಇರ್ಲಿ ಅಂತ ಆಸೆಯಾಯ್ತು."

ಕೂಗಿದ್ದಕ್ಕೆ ನಾಚಿಕೆಯಾಯಿತು.

ಟ್ಯೂಬು ಒಳಗೇ ಬಿಟ್ಟು ಕೆಲವು ದಿನ ಚೀಲಕ್ಕೆ ವಿಶ್ರಾಂತಿ ಕೊಟ್ಟು, ಮಂಡ್ಯದಲ್ಲಿ ಮತ್ತೆ ತುಂಬಿಸಿ ಪರೀಕ್ಷಿಸಿದೆ. ಒಂದು ಲೋಟದಷ್ಟೂ ಹೊರಬರಲಿಲ್ಲ. ನಾನು ಕಟ್ಟಿದ ಪಟ್ಟಿ ಆ ಚೀಲದ ಶಕ್ತಿಗೆ ಮೀರಿದ್ದಾಗಿತ್ತು. ಪಟ್ಟಿಯನ್ನು ನಡುವೆ ಕತ್ತರಿಸಿ ಸಡಿಲಿಸುವುದು ಸರಿಯಾದ ದಾರಿ, ಬೇಗ ಮಾಡಿದಷ್ಟೂ ಒಳ್ಳೆಯದು ಎಂದು ಹೇಳಿದೆ.

"ಕತ್ತರ್ಸುದ್ರೆ ಮತ್ತೆ ಜಾರ್ತದಾ?"

"ಎಲ್ಲರಿಗೂ ಜಾರಲ್ಲ. ನಿಮಗೆ ಜಾರಬಹುದು. ನಿಮ್ಮ ಸ್ನಾಯು ಸೋತಿದೆ."

"ಟ್ಯೂಬು ಆಕ್ಕಳದು ಕಲಿಸ್ಕೊಡಿ. ರಂಜಾನ್ ಮುಗಿಯಗಂಟ ಕತ್ತರಿಸ್ಬ್ಯಾಡಿ. ಈಗ ಒಣಗಿವ್ನಿ. ಈ ಒಂದು ತಿಂಗ್ಳು ಒಣಗಿರ್ತೀನಿ," ಎಂದಳು.

ಪುಸ್ತಕದ ಪ್ರಕಾರ ಕಾಯುವುದರಿಂದ ನಷ್ಟವಿತ್ತು. ಪಟ್ಟಿ ಸುತ್ತಲಿನ ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಹಾಗೆಂದು ಆಕೆ ಕೇಳುತ್ತಿದ್ದದ್ದೂ ಹುಚ್ಚುಮಾತಲ್ಲ. ಯಾವ ಕಾರಣಕ್ಕೆ ಹೊಟ್ಟೆ ಕೊಯ್ಯಿಸಿಕೊಂಡಳೋ ಅದು ಈಗ ಕೈಯಲ್ಲಿತ್ತು. ನಾನು ಅದನ್ನೇ ಕಿತ್ತುಕೊಳ್ಳಲು ಹೊರಟಿದ್ದೆ. ಮೈಸೂರಿನ ಹಿರಿಯ ಸರ್ಜನ್ ಒಬ್ಬರಿಗೆ ಫೋನ್ ಮಾಡಿದೆ. "ಕಾಯಬೇಡಿ," ಎಂದರು. ಅವರಿಗೆ ಥ್ಯಾಂಕ್ಸ್ ಹೇಳಿ ಫೋನಿಟ್ಟು, ಕಾಯುವುದೆಂದು ತೀರ್ಮಾನಿಸಿದೆ. ಒಂದೇ ಷರತ್ತು ಹಾಕಿದೆ: ಉಪವಾಸ ಇಲ್ಲ, ಹಗಲೆಲ್ಲ ನೀರು ಕುಡಿಯಲೇಬೇಕು.

"ಆಯ್ತು. ರೋಜಾ ಬುಡ್ತೀನಿ, ನಮಾಜು ಬುಡಾಕಿಲ್ಲ," ಎಂದಳು.

ಸ್ಟಾಫ್ ನರ್ಸ್ ಕನ್ನಡಿ ಹಿಡಿದು ಕಲಿಸಿದಳು. ಸೋಪು ಹಚ್ಚಿ ಕೈ ತೊಳೆಯುವುದು, ತೆಳುವಾದ ಟ್ಯೂಬನ್ನು ಮೆಲ್ಲಗೆ ತೂರಿಸುವುದು, ಕೊನೆಯ ಹನಿ ಬರುವವರೆಗೆ ಕಾಯುವುದು. ಮೊದಲ ದಿನ ಆಗಲೇ ಇಲ್ಲ. ಮಾರನೆಯ ದಿನ ಕನ್ನಡಿಯನ್ನು ಪಕ್ಕಕ್ಕಿಟ್ಟು ಬೆರಳಿನ ಅಂದಾಜಿನಲ್ಲೇ ಹಾಕಿಕೊಂಡಳು. ಪ್ರತಿ ನಮಾಜಿಗೆ ಮುಂಚೆ ಟ್ಯೂಬು, ಆಮೇಲೆ ವುಜು, ಆಮೇಲೆ ಚಾಪೆ. ಅದೇ ಆಕೆಯ ದಿನಚರಿಯಾಯಿತು.

ಮಳವಳ್ಳಿಯ ಆ ಮನೆಯಲ್ಲಿ ಅದು ಸುಲಭವಾಗಿರಲಿಲ್ಲ. ಮನೆಮಂದಿಯೆಲ್ಲ ಬಾಯಿ ಒಣಗಿಸಿಕೊಂಡು ಕೂತಿರುವಾಗ ಇವಳೊಬ್ಬಳು ಲೋಟ ಎತ್ತಿ ನೀರು ಕುಡಿಯಬೇಕು. ಅಕ್ಕನ ಸೊಸೆಯರು ಮುಖ ತಿರುಗಿಸುತ್ತಿದ್ದರಂತೆ. "ಆಗ ರೋಜಾ ಇತ್ತು, ನಮಾಜಿರ್ಲಿಲ್ಲ. ಈಗ ನಮಾಜೈತೆ, ರೋಜಾ ಇಲ್ಲ. ಇವ್ಳದೇನು ಲೆಕ್ಕ ಅಂತ ಅವ್ರಿಗೂ ತಿಳೀದು, ಪಾಪ," ಎಂದು ನಕ್ಕಳು. ಆಕೆ ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ತಿಂಗಳ ಕೊನೆಯ ವಾರ ಚಳಿಜ್ವರ ಬಂತು. ಬೆನ್ನಿನ ಪಕ್ಕೆ ಮುಟ್ಟಿದರೆ ನೋವು. ಸೋಂಕು ಕಿಡ್ನಿಗೆ ಏರಿತ್ತು. ಮಂಡ್ಯದಲ್ಲಿ ಸೇರಿಸಿಕೊಂಡು ಡ್ರಿಪ್ಪಿನಲ್ಲಿ ಔಷಧಿ ಶುರು ಮಾಡಿದೆ. ನನಗೆ ನನ್ನ ಮೇಲೇ ಕೋಪ. ಕಾಯಬೇಡಿ ಎಂದವರು ಬುದ್ಧಿವಂತರೇ ಆಗಿದ್ದರು. ಗಂಡ ಸೋಮನಹಳ್ಳಿಯಿಂದ ಓಡಿ ಬಂದು ಬಾಗಿಲಲ್ಲೇ ನಿಂತು, "ಮೇಡಂ, ಕುಯ್ದುಬುಡಿ. ನಂಗೆ ಅವ್ಳು ಬೇಕು. ಒದ್ದೆಯೋ ಒಣಗ್ಲೋ, ಜೀವ ಇರ್ಲಿ," ಎಂದ.

ಒಳಗೆ ಹೋಗಿ ಹೇಳಿದೆ. ಜ್ವರದಲ್ಲಿ ಕಣ್ಣು ಕೆಂಪಾಗಿತ್ತು. "ಇನ್ನು ನಾಲ್ಕೇ ದಿನ ಐತೆ ಡಾಕ್ಟ್ರಮ್ಮ," ಎಂದಳು. ಹೇಗೂ ಜ್ವರ ಇಳಿಯದೆ ಕತ್ತರಿ ಹಾಕುವಂತಿರಲಿಲ್ಲ. ಟ್ಯೂಬನ್ನು ಒಳಗೇ ಬಿಡಬೇಕೆಂದಿದ್ದೆ. ಅದರಲ್ಲಿ ಸದಾ ಹರಿಯುತ್ತಿದ್ದರೆ ವುಜು ನಿಲ್ಲದು, ಬೇಡವೆಂದು ಕೈ ಹಿಡಿದುಕೊಂಡಳು. ನರ್ಸು ಹೊತ್ತು ಹೊತ್ತಿಗೆ ತಪ್ಪದೆ ಖಾಲಿ ಮಾಡಿಸುವುದೆಂದು ಒಪ್ಪಿದೆ. ಡ್ರಿಪ್ಪಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮಂಚದ ಮೇಲೆ ಕೂತೇ ತಲೆ ಬಾಗಿಸಿ ನಮಾಜು ಮಾಡಿದಳು. ರೌಂಡ್ಸಿಗೆ ಹೋದವಳು ಎರಡು ಸಲ ಬಾಗಿಲಿನಿಂದಲೇ ಹಿಂದಕ್ಕೆ ಬಂದಿದ್ದೇನೆ.

ಜ್ವರ ಇಳಿಯಿತು. ಹಬ್ಬವೂ ಆಯಿತು. ಹಬ್ಬ ಕಳೆದು ಆಕೆಯೇ ಬಂದು ಮಲಗಿದಳು.

ಸಣ್ಣ ಗಾಯ, ಸಣ್ಣ ಕೆಲಸ. ಪಟ್ಟಿ ಬಿಳಿಯಾಗಿ, ನಾಳಕ್ಕೆ ಬಿಗಿಯಾಗಿ ಒತ್ತಿಕೊಂಡು ಕೂತಿತ್ತು. ಜೀವ ಹಿಡಿದಿತ್ತು, ಆಕೆಯದೇ ಮಾಂಸವಲ್ಲವೇ, ಚೆನ್ನಾಗಿ ಕೂಡಿಕೊಂಡಿತ್ತು. ಅದನ್ನು ನಾಳದಿಂದ ಬಿಡಿಸಲು ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಕತ್ತರಿ ಆಡಿಸಿದೆ. ಎರಡು ತುದಿಗಳೂ ಆಚೀಚೆ ಸರಿದವು. ಕಟ್ಟಿದ್ದೂ ನಾನೇ, ಕತ್ತರಿಸಿದ್ದೂ ನಾನೇ. ಮಾರನೆಯ ದಿನ ಆಕೆ ಟ್ಯೂಬಿಲ್ಲದೆ ಮೂತ್ರ ಮಾಡಿದಳು, ಚೀಲ ಪೂರ್ತಿ ಖಾಲಿಯಾಯಿತು. ಗಂಡ ಕೈಮುಗಿದ.

ಕೆಲವು ವಾರಗಳ ಮೇಲೆ ಮಂಡ್ಯಕ್ಕೆ ಒಬ್ಬಳೇ ಬಂದಳು. ನಾನು ಕೇಳುವ ಮುಂಚೆಯೇ ಹೇಳಿದಳು. ನಡೆದರೆ ಜಾರುವುದಿಲ್ಲ, ಕೆಮ್ಮಿದರೂ ಎಷ್ಟೋ ಸಲ ಜಾರುವುದಿಲ್ಲ. ಕೊಡ ಎತ್ತುತ್ತಾಳೆ, ಬಸ್ಸು ಹತ್ತುತ್ತಾಳೆ. ನಮ್ಮ ಲೆಕ್ಕದಲ್ಲಿ ಇದನ್ನು ಸುಧಾರಣೆ ಎಂದೇ ಬರೆಯುತ್ತೇವೆ. ಸಜ್ದಾದಿಂದ ಏಳುವಾಗ ಮಾತ್ರ ಜಾರುತ್ತದೆ.

"ಇನ್ನೊಂದ್ ಸತಿ ಮಾಡಾಕಾಗ್ತದಾ?"

ಸುಳ್ಳು ಹೇಳಬಹುದಿತ್ತು. ನೋಡೋಣ ಎನ್ನಬಹುದಿತ್ತು. "ಬೇಡಮ್ಮ," ಎಂದೆ. "ಬಿಗಿ ಮಾಡಿದ್ರೆ ಮತ್ತೆ ಕಟ್ಕೊಳ್ಳುತ್ತೆ. ಮತ್ತೆ ಕಿಡ್ನಿಗೆ ಹೋಗುತ್ತೆ. ನಾನು ಮಾಡಲ್ಲ. ಬೇರೆಯವರೂ ಮಾಡಬಾರದು."

ಆಕೆ ತಲೆಯಾಡಿಸಿದಳು. ಬೇಜಾರಾಗಲಿಲ್ಲವೇ ಎಂದು ಕೇಳುವಷ್ಟು ದಡ್ಡಿ ನಾನಲ್ಲ.

ಬುರ್ಕಾದ ಗುಂಡಿ ಹಾಕಿಕೊಳ್ಳುತ್ತಾ, "ಒಂದು ರಂಜಾನ್ ಸಿಕ್ತಲ್ಲ, ಸಾಕು ಅನ್ಕತೀನಿ," ಎಂದಳು. ಬಾಗಿಲವರೆಗೆ ಹೋದವಳು ನಿಂತಳು. ನನ್ನ ಕಡೆ ತಿರುಗಲಿಲ್ಲ.

"ಸಾಕಾಗಾಕಿಲ್ಲ ಡಾಕ್ಟ್ರಮ್ಮ. ಆದ್ರೂ ಅನ್ಕತೀನಿ."